ಮೂತಿ ಎತ್ತಿದ ಕಾರು

ಕಾರು ಗೇಟಿನೊಳಗೆ ಹೋಗುವ ಮುಂಚೆ ಇಂದ್ರಾಣಿ ರಸ್ತೆಯಲ್ಲೇ ಇಳಿದುಕೊಳ್ಳಬೇಕು. ಆ ಕೆಂಪು ಕಾರು ಮನೆಗೆ ಬಂದಾಗಿನಿಂದ ಇದೇ ಪದ್ಧತಿ. ಎರಡೇ ಸೀಟು, ಎರಡೇ ಬಾಗಿಲು. ಒಂದೊಂದು ಬಾಗಿಲೂ ಬೀರುವಿನ ಬಾಗಿಲಿನಷ್ಟು ಉದ್ದ. ಜಯನಗರದ ಆ ಹಳೇ ಮನೆಯ ಗೇಟಿಗಿರುವುದು ಕಲ್ಲಿನ ಕಂಬಗಳು. ಅವುಗಳ ನಡುವೆ ಕಾರು ನುಸುಳುವಾಗ ಎರಡೂ ಕಡೆ ಒಂದೊಂದು ಗೇಣು ಉಳಿದರೆ ಪುಣ್ಯ. ಒಳಗೆ ಪೋರ್ಟಿಕೋದಲ್ಲಿ ಓಡಿಸುವವರಿಗೆ ಇಳಿಯಲು ಜಾಗವಿದೆ, ಪಕ್ಕದಲ್ಲಿ ಕೂತವರಿಗೆ ಗೋಡೆಯೇ ಗತಿ. ಹಾಗಾಗಿ ಇಂದ್ರಾಣಿ ರಸ್ತೆಯಲ್ಲಿ ಇಳಿದು, ಸೆರಗು ಸರಿಮಾಡಿಕೊಂಡು, ಬದಿಗೆ ನಿಂತು ಗಂಡ ಜಯಸಿಂಹ ಕಾರು ಇಳಿಸುವುದನ್ನು ನೋಡುತ್ತಾಳೆ.

ನೋಡಲು ಅವಳ ಜೊತೆ ಬೀದಿಯವರೂ ಇರುತ್ತಾರೆ. ಎದುರುಮನೆ ಬದರಿನಾಥ ವಾಕಿಂಗ್ ನಿಲ್ಲಿಸಿ, ಕೈ ಹಿಂದೆ ಕಟ್ಟಿಕೊಂಡು, ಸರ್ಕಸ್ಸಿಗೆ ಬಂದವರ ಹಾಗೆ ನಿಲ್ಲುತ್ತಾನೆ.

ಹೋದ ವರ್ಷ ಬೀದಿಗೆ ಕಾಂಕ್ರೀಟು ಹಾಕಿದಾಗ ರಸ್ತೆ ಮೇಲೆದ್ದಿತು, ಮನೆ ತಗ್ಗಿಗೆ ಬಿತ್ತು. ಈಗ ರಸ್ತೆಯಿಂದ ಶುರುವಾಗುವ ಇಳಿಜಾರು ಗೇಟು ದಾಟಿ ಪೋರ್ಟಿಕೋದ ನೆಲಕ್ಕೆ ಬಂದು ಸೇರುತ್ತದೆ. ಬೇರೆ ಕಾರಾದರೆ ತಂಟೆಯಿಲ್ಲ. ಇದು ಸ್ಪೋರ್ಟ್ಸ್ ಕಾರು. ಹೊಟ್ಟೆ ನೆಲಕ್ಕೆ ಹತ್ತಿರ, ಮೂತಿ ಇನ್ನೂ ಹತ್ತಿರ. ಇಳಿಜಾರು ಮುಗಿದು ನೆಲ ಸಿಕ್ಕುವ ಜಾಗದಲ್ಲಿ ಮೂತಿ ಕರ್ರ್ ಎಂದು ಉಜ್ಜುತ್ತಿತ್ತು. ಉಜ್ಜಿದ ದಿನ ಜಯಸಿಂಹ ಟಾರ್ಚು ಹಿಡಿದು ಕಾರಿನ ಕೆಳಗೆ ಮಲಗುತ್ತಿದ್ದ, ಊಟಕ್ಕೆ ಕರೆದರೆ ಬರುತ್ತಿರಲಿಲ್ಲ. ಕಾರ್ಖಾನೆಯ ಟೂಲ್‌ರೂಮಿನಲ್ಲಿ ಜೀವಮಾನ ಕಳೆದವನು; ಒಂದು ಕೂದಲೆಳೆ ಗೀರನ್ನೂ ಕಂಡು ಸುಮ್ಮನಿರಲಾರ. ಹುಡುಗನಾಗಿದ್ದಾಗಿನಿಂದ ಇಂಥದ್ದೊಂದು ಕಾರಿಗೆ ಆಸೆಪಟ್ಟು, ರಿಟೈರಾದ ಮೇಲೆ ಸ್ನೇಹಿತನ ಮಗ ಸುಶ್ರುತನಿಂದ ಹಳೆಯದನ್ನು ಕೊಂಡಿದ್ದ. ಬಂದ ದಿನವೇ ಆಣೆ ಇಟ್ಟಂತೆ ಹೇಳಿದ್ದ. "ಈ ಕಾರಿಗೆ ಹೊರಗಿನ ಒಂದು ಮೊಳೆ ಸಹ ಹಾಕಿಸಕೂಡದು. ಹೇಗೆ ಮಾಡಿದಾರೋ ಹಾಗೇ ಇರಬೇಕು."

ಆಮೇಲೆ ಅವನು ಶಿವಮೊಗ್ಗಕ್ಕೆ ಒಂದು ಮದುವೆಗೆ ಹೋದ. ಅವನು ಊರಲ್ಲಿಲ್ಲದಾಗ ಇಂದ್ರಾಣಿ ಜರಗನಹಳ್ಳಿಯಿಂದ ಮುತ್ತುರಾಜನನ್ನು ಕರೆಸಿದಳು. ಅವರ ಹಳೇ ಕಾರನ್ನು ನೋಡಿಕೊಳ್ಳುತ್ತಿದ್ದವನು ಅವನೇ. ಜಾಕ್ ತಂದು, ಮುಂದಿನ ಎರಡು ಚಕ್ರದ ಸ್ಪ್ರಿಂಗಿನ ಸುರುಳಿಗಳ ನಡುವೆ ಸೋಪಿನ ನೀರು ಹಚ್ಚಿ, ಬಳೆಯಾಕಾರದ ಎರಡು ದಪ್ಪ ರಬ್ಬರ್ ತುರುಕಿದ. ಮೂತಿ ಎರಡು ಬೆರಳು ಮೇಲೆದ್ದಿತು.

"ಏನೂ ಆಗಲ್ವಾ ಮುತ್ತುರಾಜ?"

"ಏನಾಗುತ್ತೆ ಮೇಡಂ? ಬೆಂಗಳೂರಿನ ಹಂಪುಗಳಿಗೆ ಅರ್ಧ ಊರೇ ಹಾಕ್ಸಿದೆ. ಸಾರ್‌ಗೆ ಗೊತ್ತೂ ಆಗಲ್ಲ, ಹೋಗಿ."

ಗೊತ್ತಾಗಲಿಲ್ಲ. ಆದರೆ ಅದಕ್ಕಿಂತ ದೊಡ್ಡ ಫಜೀತಿ ಆಯಿತು. ಜಯಸಿಂಹ ಮದುವೆಯಿಂದ ಬರುವಾಗ ಲಗ್ನಪತ್ರಿಕೆಯ ಹಿಂದೆ ಒಂದು ಚಿತ್ರ ಬರೆದುಕೊಂಡು ಬಂದ. ರೈಲಿನಲ್ಲಿ ಕೂತು ಉಪಾಯ ಹುಡುಕಿದ್ದನಂತೆ. "ಬ್ರೇಕ್ ಹಿಡಿದ್ರೆ ಕಾರು ಮೂತಿ ಬಗ್ಗಿಸುತ್ತೆ, ಇಂದ್ರೂ. ನಾನು ಇಷ್ಟು ದಿನ ಹೆದರಿಕೊಂಡು ಬ್ರೇಕ್ ಹಿಡ್ಕೊಂಡೇ ಇಳೀತಿದ್ದೆ. ತಪ್ಪು ಅಲ್ಲೇ ಇರೋದು!" ಇಳಿಜಾರಿಗೆ ಅಡ್ಡಲಾಗಿ, ಅವಳ ರಂಗೋಲಿಯ ಪಕ್ಕಕ್ಕೆ, ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದ. ಮುಂದಿನ ಚಕ್ರ ಆ ಗೆರೆ ಮುಟ್ಟಿದ ಕೂಡಲೇ ಬ್ರೇಕಿನಿಂದ ಕಾಲು ತೆಗೆದ. ಕಾರು ಮೆಲ್ಲಗೆ ಉರುಳಿ, ಎಲ್ಲೂ ತಾಗದೆ, ಬೆಣ್ಣೆಯ ಹಾಗೆ ಒಳಗೆ ಹೋಯಿತು.

ಬದರಿನಾಥ ಚಪ್ಪಾಳೆ ತಟ್ಟಿದ. ಜಯಸಿಂಹ ಇಳಿದು ಬಂದವನು ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದ. ಹೇಳುವುದಾದರೆ ಆಗಲೇ ಹೇಳಬೇಕಿತ್ತು. ಅವಳು "ಅಬ್ಬಾ" ಅಂದಳು, ಅಷ್ಟೆ.

ಅಂದಿನಿಂದ ಬೀದಿಯಲ್ಲಿ ಅದಕ್ಕೆ ಜಯಸಿಂಹ ರೇಖೆ ಎಂದೇ ಹೆಸರು. ತಗ್ಗಿನ ಮನೆಯವರೆಲ್ಲ ಒಬ್ಬೊಬ್ಬರಾಗಿ ಬಂದು ನೋಡಿಕೊಂಡು ಹೋದರು.

ತೊಂದರೆ ಶುರುವಾದದ್ದು ಹೆದ್ದಾರಿಯಲ್ಲಿ. ಮೈಸೂರು ರಸ್ತೆಯಲ್ಲಿ ತೊಂಬತ್ತು ದಾಟಿದರೆ ಕಾರು ತನ್ನ ಪಾಡಿಗೆ ತಾನು ಅತ್ತ ಇತ್ತ ಆಡತೊಡಗಿತು. ಲಾರಿ ಪಕ್ಕದಲ್ಲಿ ಹೋದರೆ ಯಾರೋ ಭುಜ ಹಿಡಿದು ತಳ್ಳಿದ ಹಾಗೆ. ಪೇಟೆಯಲ್ಲಿ ಏನೂ ಇಲ್ಲ. ಬನಶಂಕರಿಯ ತನಕ ಹೋಗಿ ಬಂದರೆ ಹಸುವಿನಷ್ಟು ಸಾಧು.

ಜೆ.ಪಿ. ನಗರದ ಒಂದು ಅಲೈನ್‌ಮೆಂಟ್ ಅಂಗಡಿಗೆ ತೋರಿಸಲು ಹೋದರು. ಅಲ್ಲಿಯವನು ಕೇಳಿದ, "ಯಾವ ಕಡೆ ಎಳೆಯುತ್ತೆ ಸಾರ್?"

"ಎಳೆಯಲ್ಲ ಕಣಪ್ಪ. ತೇಲುತ್ತೆ."

"ತೇಲುತ್ತಾ? ಕಾರು ತಂದಿದೀರೋ, ದೋಣಿ ತಂದಿದೀರೋ?"

ಚಕ್ರ ಬಿಚ್ಚಿದರು, ತೂಕ ಕಟ್ಟಿದರು, ಗಾಳಿ ನೋಡಿದರು, ಮೆಷೀನಿಗೆ ಹತ್ತಿಸಿದರು. ಚಕ್ರ ಬಿಚ್ಚಿದ ಗಳಿಗೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಇಂದ್ರಾಣಿ ತುದಿಗೆ ಸರಿದಳು. ಒಳಗೆ ಸ್ಪ್ರಿಂಗಿನ ನಡುವೆ ಆ ಕರಿ ರಬ್ಬರು ಧೂಳು ಮೆತ್ತಿಕೊಂಡು ಕೂತಿದೆ. ಕೆಲಸದವನು ಅದನ್ನು ಸ್ಪಾನರಿನಿಂದ ಒಮ್ಮೆ ತಟ್ಟಿಯೂ ನೋಡಿದ. ದಿನಕ್ಕೆ ಹತ್ತು ಕಾರಿನಲ್ಲಿ ನೋಡುವ ಸಾಮಾನು, ಅದರಲ್ಲಿ ಹೇಳುವುದೇನಿದೆ ಅನ್ನುವಂತೆ ಮುಂದಿನ ಕೆಲಸಕ್ಕೆ ಹೋದ. ಜಯಸಿಂಹ ಮಾತ್ರ ಅತ್ತ ಕಂಪ್ಯೂಟರಿನ ಮುಂದೆ ನಿಂತು ಹಸಿರು ಅಂಕಿಗಳನ್ನು ಓದುತ್ತಿದ್ದ.

"ಎಲ್ಲಾ ಹಸಿರಿದೆ ಸಾರ್. ಕಾರಲ್ಲಿ ಏನೂ ಪ್ರಾಬ್ಲಂ ಇಲ್ಲ."

ಆ ಒಂದು ಮಾತು ಅವನನ್ನು ಹಿಡಿದುಕೊಂಡಿತು. ಮನೆಗೆ ಬಂದವನೇ ಮೈಸೂರಿನಲ್ಲಿರುವ ಸುಶ್ರುತನಿಗೆ ಫೋನ್ ಮಾಡಿದ. ಸ್ಪೀಕರಿನಲ್ಲಿ ಹುಡುಗನ ದನಿ ಅಡಿಗೆಮನೆಗೂ ಕೇಳಿಸಿತು. "ತೇಲೋದಾ? ಚಾನ್ಸೇ ಇಲ್ಲ ಅಂಕಲ್. ನನ್ನ ಹತ್ರ ಇದ್ದಾಗ ಟ್ರ್ಯಾಕಿನ ಮೇಲೆ ರೈಲು ಹೋದಂಗೆ ಹೋಗ್ತಿತ್ತು. ಸ್ಟಿಯರಿಂಗ್ ಗಟ್ಟಿಯಾಗಿ ಹಿಡ್ಕೊಳ್ಳಿ, ಅಷ್ಟೇ."

ಹುಡುಗ ಹೇಳಿದ್ದು ಸುಳ್ಳಲ್ಲ. ಅವನ ಹತ್ತಿರ ಇದ್ದಾಗ ರಬ್ಬರು ಇರಲಿಲ್ಲ.

ಮಾರನೇ ಬೆಳಿಗ್ಗೆ ಜಯಸಿಂಹ ಕಾಫಿ ಲೋಟವನ್ನು ಅದರಡಿಯ ಬಟ್ಟಲು, ದವರೆಯಿಂದ ತೆಗೆದು ಬೇರೆ ಇಟ್ಟುಕೊಂಡ. ಇಂದ್ರಾಣಿ ಮೊದಲ ದಿನ ಗಮನಿಸಲಿಲ್ಲ. ಎರಡನೆಯ ದಿನ ಗಮನಿಸಿದಳು. ಮೂರನೆಯ ದಿನ ಅರ್ಥವಾಯಿತು. ಮಾವನವರ ಕೈ ಕೊನೆಗಾಲದಲ್ಲಿ ನಡುಗುತ್ತಿತ್ತು; ಲೋಟ ದವರೆಗೆ ತಾಗಿ ಟಕಟಕ ಸದ್ದಾದರೆ ಮಾವ ಕಾಫಿ ಮುಟ್ಟದೆ ಎದ್ದುಹೋಗುತ್ತಿದ್ದರು. ಈಗ ಮಗ ಆ ಸದ್ದು ಬರುವ ಮೊದಲೇ ದವರೆ ಬಿಟ್ಟಿದ್ದಾನೆ.

"ದವರೆ ಯಾಕೆ ಬೇಡ?"

"ತೊಳೆಯೋ ಪಾತ್ರೆ ಒಂದು ಕಮ್ಮಿ ಆಗ್ಲಿ ಅಂತ," ಅಂದ. ಒಂದು ಗುಟುಕು ಕುಡಿದು, "ಕಾಫಿ ಮಾತ್ರ ನಿನ್ನ ಕೈಲೇ ಆಗ್ಬೇಕು. ಸಕ್ಕರೆ ಹದ ಇನ್ಯಾರಿಗೂ ಬರಲ್ಲ," ಅಂದ. ಇಂದ್ರಾಣಿ ಪಾತ್ರೆಯ ಕಡೆ ತಿರುಗಿದಳು.

ಆಮೇಲೆ ಅವನೇ ಹೇಳಿದ. "ಭಾನುವಾರ ಕಾರು ತಗೊಂಡ್ಹೋಗಿ ಸುಶ್ರುತನಿಗೇ ಬಿಟ್ಟು ಬರೋಣ ಅಂತಿದೀನಿ. ಬರೋವಾಗ ಬಸ್ಸಿಗೆ ಬಂದ್ರಾಯ್ತು."

"ಯಾಕೆ? ಕಾರಲ್ಲಿ ಏನೂ ಇಲ್ಲ ಅಂದ್ರಲ್ಲ."

"ಅದಕ್ಕೇ." ಅವನು ಬಲಗೈಯನ್ನು ಎಡಗೈಯೊಳಗೆ ಮುಚ್ಚಿ ಇಟ್ಟುಕೊಂಡಿದ್ದ. "ಕಾರಲ್ಲಿ ಇಲ್ಲ ಅಂದ್ರೆ ಇನ್ನೆಲ್ಲಿದೆ ಅಂತ ನೀನೇ ಯೋಚನೆ ಮಾಡು."

ಇಂದ್ರಾಣಿ ಹೊರಗೆ ಅಂಗಳಕ್ಕೆ ಹೋಗಿ ಮುತ್ತುರಾಜನಿಗೆ ಫೋನ್ ಮಾಡಿ ಕಾರು ತೇಲುವುದನ್ನು ಹೇಳಿದಳು. "ಅದರಿಂದ ಹಂಗಾಗ್ತಿದೆಯೋ ಏನೋ ಹೇಳಕ್ಕಾಗಲ್ಲ ಮೇಡಂ. ಡೌಟ್ ಇದ್ರೆ ತೆಗೆದುಬಿಡ್ತೀನಿ. ಸಾರ್ ಮಧ್ಯಾಹ್ನ ಮಲಗಿದ್ದಾಗ ಬಂದು ತೆಗೆದು ಹೋಗ್ತೀನಿ. ಬಂದಿದ್ದೇ ಗೊತ್ತಾಗಲ್ಲ."

ಒಂದು ಕ್ಷಣ ಅವಳ ಎದೆ ಹಗುರವಾಯಿತು. ಹೂಂ ಅನ್ನಲು ಬಾಯಿ ತೆರೆದವಳು ಗೇಟಿನ ಕಡೆ ನೋಡಿದಳು. ಬಿಳಿ ಗೆರೆ ಬಿಸಿಲಿಗೆ ಹೊಳೆಯುತ್ತಿತ್ತು. ರಬ್ಬರು ತೆಗೆದರೆ ಹೆದ್ದಾರಿಯಲ್ಲಿ ಕಾರು ನೆಟ್ಟಗಾಗಬಹುದು. ಇಲ್ಲಿ ಮಾತ್ರ ಮತ್ತೆ ಕರ್ರ್ ಅನ್ನುತ್ತದೆ. ಗೆರೆ ಅದೇ, ಬ್ರೇಕು ಅದೇ, ಕಾಲು ಅದೇ, ಆದರೂ ಉಜ್ಜಿತು ಎಂದರೆ ಅವನು ಏನು ತಿಳಿಯುತ್ತಾನೆ? ಕೈಯ ಜೊತೆ ಕಾಲೂ ಹೋಯಿತು ಎಂದುಕೊಳ್ಳುತ್ತಾನೆ. ಇಲ್ಲವೇ ಕೆಳಗೆ ಬಗ್ಗಿ ಅಳೆಯುತ್ತಾನೆ, ಅವನಿಗೆ ಎಲ್ಲ ತಿಳಿಯುತ್ತದೆ.

ರಬ್ಬರು ಇದ್ದರೆ ಅವನು ತನ್ನ ಕೈಯನ್ನು ಕಳೆದುಕೊಳ್ಳುತ್ತಾನೆ, ತೆಗೆದರೆ ಬೀದಿಯಲ್ಲಿ ಹೆಸರು ಕಳೆದುಕೊಳ್ಳುತ್ತಾನೆ. ಎರಡನ್ನೂ ಕಳೆಯುವವಳು ತಾನೇ. "ಬೇಡ ಮುತ್ತುರಾಜ, ಆಮೇಲೆ ಹೇಳ್ತೀನಿ," ಎಂದು ಫೋನ್ ಇಟ್ಟಳು.

ಮಹಡಿಯ ಮೇಲಿನ ಕೋಣೆಗೆ ಬಾಡಿಗೆಗಿದ್ದವಳು ಪ್ರಿಯಾಂಕಾ, ಗದಗಿನ ಕಡೆಯ ಹುಡುಗಿ. ಬಿ.ಟಿ.ಎಂ. ಲೇಔಟಿನಲ್ಲಿ ಅವಳ ಆಫೀಸು. ಕಾರುಗಳನ್ನು ರಸ್ತೆಗೆ ಬಿಡುವ ಮುಂಚೆ ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ಕೆಲಸ. ಶುಕ್ರವಾರ ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಗೇಟಿನ ಹತ್ತಿರ ನಿಂತಳು. ಜಯಸಿಂಹ ಬದರಿನಾಥನಿಗೆ ಗೆರೆಯ ಪಾಠ ಹೇಳುತ್ತಿದ್ದ. ಬದರಿನಾಥನ ಮಗನೂ ಒಂದು ತಗ್ಗಿನ ಕಾರು ತೆಗೆದುಕೊಳ್ಳುವವನಿದ್ದ.

"ಅಂಕಲ್, ಬ್ರೇಕ್ ಬಿಟ್ಟರ ಇಷ್ಟೂ ಎತ್ತರ ಆಗತೈತೇನ್ರಿ?" ಪ್ರಿಯಾಂಕಾ ಕೇಳಿದಳು.

"ನೋಡಿದೀಯಲ್ಲಮ್ಮ, ಎಲ್ಲಾದ್ರೂ ತಾಗಿತಾ?"

"ತಾಗಿಲ್ರಿ. ತಾಗಬೇಕಿತ್ತು, ಅದಕ್ಕ ಕೇಳಿದೆ." ಅವಳು ನಕ್ಕಳು. ಆದರೆ ಹೋಗಲಿಲ್ಲ. ಗಂಡಸರು ಆಚೆಮನೆಯ ಇಳಿಜಾರು ನೋಡಲು ಹೋದ ಮೇಲೆ ಕಾರಿನ ಪಕ್ಕ ಕೂತು, ಮುಂದಿನ ಚಕ್ರಕ್ಕೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ಬೆರಳಿಟ್ಟು ನೋಡಿದಳು. ಆಮೇಲೆ ಹಿಂದಿನದಕ್ಕೆ. ತಲೆಯೆತ್ತಿದಾಗ ಇಂದ್ರಾಣಿ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಅಕ್ಕಿಯ ಮೊರ.

"ಆಂಟಿ, ಮುಂದ ನಾಕ್ ಬೆರಳು, ಹಿಂದ ಎರಡು. ಬ್ರೇಕ್ ಬಿಟ್ಟರ ಒಂಚೂರ ಏಳತೈತಿ, ಇಷ್ಟು ಏಳಂಗಿಲ್ಲ. ಯಾರ್ ಎತ್ತಿಸ್ಯಾರ್ರಿ ಇದನ್ನ?"

ಇಂದ್ರಾಣಿ ಮೊರದ ಮೇಲೆ ಬಗ್ಗಿದಳು. ಅಕ್ಕಿಯಲ್ಲಿ ಕಲ್ಲು ಹುಡುಕಿದಳು. ಹುಡುಗಿಗೆ ಅಷ್ಟು ಸಾಕಾಯಿತು.

"ಅಂಕಲ್‌ಗೆ ಗೊತ್ತಿಲ್ಲ ಹಂಗಾರ."

"ಅದರಿಂದಲೇ ತೇಲೋದಾ?" ಇಂದ್ರಾಣಿ ಮೆಲ್ಲಗೆ ಕೇಳಿದಳು. "ನಿಜ ಹೇಳು ತಾಯಿ."

ಪ್ರಿಯಾಂಕಾ ಮೊರದ ಕಡೆ ಕೈ ಮಾಡಿದಳು. "ಅದನ್ನ ಬಗ್ಗಿಸಿ ಹಿಡದು ಗಾಳಿಗೆ ಎದುರಾಗಿ ಓಡ್ರಿ, ಏನೂ ಆಗಂಗಿಲ್ಲ. ಅಂಚು ಒಂಚೂರು ಮ್ಯಾಲ ಎತ್ತಿ ಓಡ್ರಿ, ಕೈಯಾಗ ನಿಂದರಂಗಿಲ್ಲ. ಈ ಕಾರನ್ನ ಮೂತಿ ಬಗ್ಗಿಸಿಕೊಂಡು ಓಡೂ ಹಂಗ ಮಾಡ್ಯಾರ್ರಿ. ಮೂತಿ ಎತ್ತಿದ್ರ ಗಾಳಿ ಕೆಳಗ ನುಗ್ಗತೈತಿ. ಮುಂದಿನ ಗಾಲಿ ಹಗುರ ಆಗತಾವ. ನೆಲಾನ ಹಿಡಿಯಂಗಿಲ್ಲ ಅಂದ್ರ ಸ್ಟಿಯರಿಂಗ್ ತಿರುವಿ ಏನ್ ಮಾಡೂದು? ಮ್ಯಾಲ ಮುಂದಿನ ಸ್ಪ್ರಿಂಗ್ ಬ್ಯಾರೆ ಬಿಗದು ಕುಂತಾವ. ಊರಾಗ ಗೊತ್ತಾಗಂಗಿಲ್ಲ, ಸಾವಕಾಶ ಹೋಗ್ತೀರಿ. ಹೈವೇದಾಗ ಜೋಲಿ ಹೊಡೀತೈತಿ."

"ಬೇರೆ ಕಾರಿಗೆಲ್ಲ ಹಾಕಿಸ್ತಾರಲ್ಲ."

"ಅವು ಬ್ಯಾರೆ, ಇದು ಬ್ಯಾರೆ ಆಂಟಿ." ಅವಳು ಬ್ಯಾಗು ಹೆಗಲಿಗೇರಿಸಿದಳು. "ನಾ ಹೇಳೂದು ಚೊಲೊ ಅಲ್ಲ. ನೀವ ಹೇಳ್ರಿ. ಆದ್ರ ಹೈವೇಕ ಹೋಗೂ ಮುಂಚೆ ಹೇಳ್ರಿ. ಲಾರಿ ಗಾಳಿಗೆ ಒಂದ್ ಸಲ ಹಾರಿತಂದ್ರ ಮುಗೀತು."

ಹೇಳಬೇಕೆಂದು ಇಂದ್ರಾಣಿ ಅಂದು ಮಧ್ಯಾಹ್ನ ಹುಳಿ ಬಡಿಸುತ್ತಾ "ರೀ" ಅಂದಳು. ಅವನು ಏನು ಎಂದು ತಲೆಯೆತ್ತುವಷ್ಟರಲ್ಲಿ ಬದರಿನಾಥ ಮಗನನ್ನು ಕರೆದುಕೊಂಡು ಬಂದ. "ಸಾರ್, ಒಂದ್ಸಲ ಇವನಿಗೆ ತೋರಿಸ್ಬಿಡಿ. ನೀವು ಕಾರು ಕೊಡ್ತಿದೀರಂತೆ. ವಿದ್ಯೆನಾದ್ರೂ ಬೀದೀಲಿ ಉಳೀಲಿ!" ಜಯಸಿಂಹ ಕೈತೊಳೆದು ಎದ್ದ. ನಾಲ್ಕು ದಿನದಿಂದ ಬಾಡಿದ್ದ ಮುಖ ಗೆರೆಯ ಹತ್ತಿರ ನಿಂತಾಗ ಮಾತ್ರ ಅರಳುತ್ತಿತ್ತು. ಅದನ್ನು ಕಿಟಕಿಯಿಂದ ನೋಡಿದ ಇಂದ್ರಾಣಿ ಹುಳಿಯ ಪಾತ್ರೆ ಮುಚ್ಚಿಟ್ಟಳು. ಶನಿವಾರ ಮತ್ತೆ ಪ್ರಯತ್ನಪಟ್ಟಳು. ಅವನು ಸೋಫಾದಲ್ಲಿ ಕೂತು, ಯಾರೂ ಇಲ್ಲವೆಂದುಕೊಂಡು, ಬಲಗೈಯನ್ನು ಮುಖದ ಮುಂದೆ ಚಾಚಿ ಬೆರಳುಗಳನ್ನೇ ನೋಡುತ್ತಿದ್ದ. ಅವಳು ಬಾಗಿಲಿನಿಂದಲೇ ವಾಪಸು ಬಂದುಬಿಟ್ಟಳು.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರು. ಅವಳು ಬರುವುದಿಲ್ಲವೆಂದು ಹೇಳಬಹುದಿತ್ತು. ಆದರೆ ಅವನೊಬ್ಬನನ್ನೇ ಆ ಕಾರಿನಲ್ಲಿ ಕಳಿಸಿ ಮನೆಯಲ್ಲಿ ಕೂರುವುದಾದರೂ ಹೇಗೆ? ಹೆದ್ದಾರಿ ಹತ್ತುವ ಮುಂಚೆ ಹೇಳುತ್ತೇನೆ ಎಂದುಕೊಂಡಳು. ಬನಶಂಕರಿ ದಾಟಿತು. ಕೆಂಗೇರಿ ದಾಟಿತು.  ಆಮೇಲೆ ರಸ್ತೆ ಅಗಲವಾಯಿತು, ಎರಡೂ ಪಕ್ಕಕ್ಕೆ ಬೇಲಿ ಬಂತು. ಒಳಗೆ ಹೋದ ಮೇಲೆ ನಿಲ್ಲಿಸುವ ಹಾಗಿಲ್ಲ, ತಿರುಗಿಸುವ ಹಾಗಿಲ್ಲ, ಮುಂದಿನ ದಾರಿ ಸಿಗುವ ತನಕ ಹೋಗುತ್ತಲೇ ಇರಬೇಕು. ಆ ಸೀಟಾದರೋ ನೆಲಕ್ಕೇ ಹಾಸಿದ ಹಾಗೆ. ಕೂತರೆ ಮಂಡಿ ಎದೆಗೆ ಬರುತ್ತದೆ. ಲಾರಿಯ ಚಕ್ರಗಳು ಕಿಟಕಿಯ ಮಟ್ಟಕ್ಕೆ ತಿರುಗುತ್ತಿದ್ದವು.

"ನಿಧಾನಕ್ಕೆ ಹೋಗಿ," ಅಂದಳು.

"ಕೊನೇ ಸಲ ಇಂದ್ರೂ. ಒಂದೇ ಒಂದು ಸಲ ನೋಡ್ತೀನಿ." ಅವನ ದನಿಯಲ್ಲಿ ಬೇಡಿಕೆಯಿತ್ತು. ಕಾರನ್ನು ಬೇಡುತ್ತಿದ್ದನೋ, ತನ್ನ ಕೈಯನ್ನೋ, ಗೊತ್ತಾಗಲಿಲ್ಲ.

ಬಿಡದಿ ದಾಟಿದ ಮೇಲೆ ತೊಂಬತ್ತಾಯಿತು. ಮುಂದಿನ ಭಾಗ ಹಗುರವಾದದ್ದು ಕೂತಲ್ಲೇ ತಿಳಿಯಿತು, ಅಕ್ಕಿ ಕೇರುವಾಗ ಮೊರ ಕೈಯಿಂದ ಏಳುವ ಹಾಗೆ. ಕಾರು ಎಡಕ್ಕೆ ಒಂದು ಮೊಳ ಹೋಯಿತು, ಬಲಕ್ಕೆ ಬಂತು. ಪಕ್ಕದಲ್ಲಿ ಉದ್ದದ ಕಂಟೇನರ್ ಲಾರಿಯೊಂದು ಸಾಗುತ್ತಿತ್ತು. ಅದರ ಬಾಲ ದಾಟಿದ ಕೂಡಲೇ ಗಾಳಿ ಬಡಿಯಿತು. ಕಾರು ಬೇಲಿಯ ಕಡೆಗೆ ಜಾರಿತು. ಜಯಸಿಂಹ ಸ್ಟಿಯರಿಂಗ್ ತಿರುಗಿಸಿದ. ತಿರುಗಿತು, ಆದರೆ ಕಾರಿಗೆ ಅದು ಕೇಳಿಸಿದ್ದು ತಡವಾಗಿ. ಇಂದ್ರಾಣಿ ಬಾಗಿಲಿನ ಹಿಡಿ ಹಿಡಿದುಕೊಂಡಳು. ಆಗ ಅವನ ಕೈ ನೋಡಿದಳು. ಗೆಣ್ಣುಗಳು ಬಿಳಿಚಿಕೊಂಡಿದ್ದವು. ಒಂದು ಬೆರಳೂ ಅಲುಗುತ್ತಿರಲಿಲ್ಲ.

"ನಿಮ್ಮ ಕೈಯಲ್ಲ ರೀ!" ಅವಳು ಕೂಗಿದಳು. "ನಿಮ್ಮ ಕೈಯಲ್ಲ! ನಾನು ಮಾಡಿದ್ದು. ಮುಂದಿನ ಸ್ಪ್ರಿಂಗಿಗೆ ರಬ್ಬರ್ ಹಾಕ್ಸಿದೀನಿ, ಮೂತಿ ಎತ್ತಿಸಿದೀನಿ. ನಿಧಾನ ಮಾಡಿ!"

ಅವನು ಆಕ್ಸಿಲರೇಟರಿನಿಂದ ಕಾಲು ತೆಗೆದ. ಲಾರಿ ಮುಂದೆ ಹೋಯಿತು. ಎಪ್ಪತ್ತಕ್ಕೆ ಬಂದಾಗ ಕಾರು ಮತ್ತೆ ನೆಲ ಹಿಡಿಯಿತು. ಅವನು ಅವಳ ಕಡೆ ತಿರುಗಲಿಲ್ಲ. ಮುಂದೆ ಸಿಕ್ಕ ದಾರಿಯಲ್ಲಿ ಸರ್ವಿಸ್ ರಸ್ತೆಗೆ ಇಳಿದು, ಒಂದು ಹೊಂಗೆಮರದ ಕೆಳಗೆ ನಿಲ್ಲಿಸಿದ. 

ಇಳಿದು ಮುಂದಿನ ಚಕ್ರದ ಮೇಲೆ ಬೆರಳಿಟ್ಟ. ಹಿಂದಿನದರ ಮೇಲೆ ಇಟ್ಟ. ಎರಡು ಸಲ ಇಟ್ಟು ನೋಡಿದ. ಕೂದಲೆಳೆ ಅಳೆಯುತ್ತಿದ್ದ ಬೆರಳುಗಳು ಎರಡು ಬೆರಳಿನ ವ್ಯತ್ಯಾಸವನ್ನು ಇಷ್ಟು ದಿನ ಕಂಡಿರಲಿಲ್ಲ. ಕಾರಿನ ಹೊಟ್ಟೆಯ ಗೀರುಗಳನ್ನಷ್ಟೇ ನೋಡಿದವನು ಚಕ್ರದ ಮೇಲೆ ಎಂದೂ ನೋಡಿರಲಿಲ್ಲ.

"ಯಾವಾಗ?"

"ನೀವು ಶಿವಮೊಗ್ಗಕ್ಕೆ ಹೋದಾಗ. ಮುತ್ತುರಾಜ ಮನೆಗೇ ಬಂದಿದ್ದ. ನೀವು ಊಟ ಬಿಟ್ಟು ಕಾರಿನ ಕೆಳಗೆ ಮಲಗೋದು ನೋಡಕ್ಕಾಗ್ಲಿಲ್ಲ ರೀ."

ಅವನು ತಲೆಯಾಡಿಸಿದ. ಆಮೇಲೆ ಅವನ ಮುಖ ನಿಧಾನವಾಗಿ ಬದಲಾಗುವುದನ್ನು ಅವಳು ನೋಡಬೇಕಾಯಿತು. "ಅಂದ್ರೆ... ಗೆರೆ?"

"ಹೂಂ."

"ಗೆರೆಯಿಂದ ಏನೂ ಆಗ್ಲಿಲ್ಲ."

"ಒಂಚೂರು ಆಗುತ್ತಂತೆ. ಅಷ್ಟು ಸಾಲಲ್ವಂತೆ. ಪ್ರಿಯಾಂಕಾ ಹೇಳಿದ್ಳು."

"ಅವಳಿಗೂ ಗೊತ್ತು!" ಅವನು ಒಂದು ಸಲ ನಕ್ಕ. ಒಳ್ಳೆಯ ನಗುವಲ್ಲ. "ಬದರಿನಾಥನ ಮಗನಿಗೆ ಪಾಠ ಹೇಳಿದೆನಲ್ಲೇ ನಾನು. ನೀನು ಕಿಟಕಿಯಲ್ಲಿ ನಿಂತು ನೋಡ್ತಿದ್ದೆ."

 ಅವನು ಡಿಕ್ಕಿಯಿಂದ ಜಾಕ್ ತೆಗೆದ. "ಮುತ್ತುರಾಜ ಏನು ಹಚ್ಚಿ ತೂರಿಸಿದ್ದ?"

"ಸೋಪಿನ ನೀರು."

ಹತ್ತಿರದ ಪೆಟ್ಟಿಗೆ ಅಂಗಡಿಯಿಂದ ಅವಳು ಶಾಂಪೂ ಪೊಟ್ಟಣ ತಂದಳು, ಕುಡಿಯುವ ನೀರಿನ ಬಾಟಲಿಯಲ್ಲಿ ಕಲಸಿ ಕೊಟ್ಟಳು. ಅವನು ಅಂಗಿಯ ತೋಳು ಮಡಿಸಿ, ಚಕ್ರ ಬಿಚ್ಚಿ, ರಸ್ತೆಯ ಮಣ್ಣಿನಲ್ಲಿ ಮಂಡಿಯೂರಿ ಕೂತ. ಸುರುಳಿಗಳ ನಡುವಿನಿಂದ ರಬ್ಬರನ್ನು ತುದಿಬೆರಳಲ್ಲಿ ಮೆತ್ತಗೆ ತಿರುವುತ್ತಾ ಎಳೆದ, ಹಸಿ ಗಾಯದಿಂದ ಬಟ್ಟೆ ಬಿಡಿಸುವ ಹಾಗೆ. ಎರಡೂ ಕಡೆಯದು ಹೊರಬಂದವು. ತೊಳೆದು ಅವಳ ಮುಂದೆ ಹಿಡಿದ.

"ತಗೋ, ನಿನ್ನ ಬಳೆ."

ಮತ್ತೆ ಹೆದ್ದಾರಿ ಹತ್ತಿದರು. ಎಂಬತ್ತು, ತೊಂಬತ್ತು, ನೂರು. ಇಂದ್ರಾಣಿ ಮಡಿಲಲ್ಲಿ ರಬ್ಬರುಗಳನ್ನು ಒತ್ತಿ ಹಿಡಿದು ಕಾದಳು. ಲಾರಿ ಬಂತು, ಗಾಳಿ ಬಂತು. ಕಾರು ಮೂತಿ ಬಗ್ಗಿಸಿಕೊಂಡು ನೇರ ಹೋಯಿತು. ಜಯಸಿಂಹ ಸ್ಟಿಯರಿಂಗನ್ನು ಎರಡು ಬೆರ‍ಳಲ್ಲಿ ಹಿಡಿದು ಬಹಳ ಹೊತ್ತು ಓಡಿಸಿದ. ಅವನ ಕಣ್ಣು ಒದ್ದೆಯಾಗಿತ್ತು. ಹಿಂದಕ್ಕೆ ತಿರುಗುವ ದಾರಿ ಸಿಕ್ಕಾಗ ತಿರುಗಿಸಿದ.

"ಸುಶ್ರುತನಿಗೆ ಫೋನ್ ಮಾಡಿ ಬರಲ್ಲ ಅಂತ ಹೇಳು."

"ಯಾಕೆ ಅಂದ್ರೆ?"

"ಅಂಕಲ್ ಕೈ ಸರಿಹೋಯ್ತು ಅನ್ನು."

 ಕೈ ಸಿಕ್ಕಿತೆಂಬ ಸಮಾಧಾನ ಅವನ ಭುಜದಲ್ಲಿ ಕಾಣುತ್ತಿತ್ತು. ಅದರಲ್ಲಿ ತನಗೆ ಪಾಲು ಇದೆಯೋ ಇಲ್ಲವೋ ಇಂದ್ರಾಣಿಗೆ ತಿಳಿಯಲಿಲ್ಲ.

ಬೀದಿಗೆ ಬಂದಾಗ ಭಾನುವಾರದ ಮಧ್ಯಾಹ್ನ. ಬದರಿನಾಥ ಗೇಟಿನಲ್ಲೇ ನಿಂತಿದ್ದ. "ಅರೆ, ಕಾರು ವಾಪಸ್ ಬಂತು! ಬನ್ನಿ ಸಾರ್ ಬನ್ನಿ, ಮಗನೂ ಇದಾನೆ, ಇನ್ನೊಂದ್ಸಲ ನೋಡ್ಕೊಳ್ಲಿ." ಮಗ ಹೊರಗೆ ಬಂದ. ಪಕ್ಕದ ಮನೆಯವರೂ ಕಾಂಪೌಂಡಿನ ಮೇಲಿಂದ ಇಣುಕಿದರು.

ಜಯಸಿಂಹ ಇಳಿಜಾರಿನ ತುದಿಯಲ್ಲಿ ನಿಲ್ಲಿಸಿದ. "ಇಳಿ."

ಇಂದ್ರಾಣಿ ರಸ್ತೆಯನ್ನು ನೋಡಿದಳು. ಇಳಿದರೆ ಎಂದಿನ ಜಾಗದಲ್ಲಿ, ನೋಡುವವರ ಸಾಲಿನಲ್ಲಿ ನಿಲ್ಲಬೇಕು. ಅವನೊಬ್ಬನೇ ಒಳಗೆ.

"ಇಳಿಯಲ್ಲ."

"ಒಳಗೆ ಸಿಕ್ಕಿಹಾಕ್ಕೋತೀಯ."

"ಸಿಕ್ಕಿಹಾಕ್ಕೋತೀನಿ. ನಡೀರಿ."

ಚಕ್ರ ಬಿಳಿ ಗೆರೆ ಮುಟ್ಟಿತು. ಅವನು ಬ್ರೇಕಿನಿಂದ ಕಾಲು ತೆಗೆದ. ಕಾರು ಉರುಳಿತು. ಕಲ್ಲುಕಂಬಗಳು ಎರಡೂ ಕಡೆಯಿಂದ ಹತ್ತಿರ ಬಂದು ಬಾಗಿಲುಗಳ ಪಕ್ಕ ನಿಂತವು. ಮೂತಿ ಪೋರ್ಟಿಕೋದ ನೆಲಕ್ಕೆ ಕರ್ರ್ರ್ ಎಂದು ಕಚ್ಚಿಕೊಂಡಿತು.

ಹೊರಗೆ ಯಾರೋ "ಅಯ್ಯೋ" ಅಂದರು. ಬದರಿನಾಥ ಕೂಗಿದ, "ಏನ್ ಸಾರ್, ಲೈನ್ ಮಿಸ್ಸಾಯ್ತಾ?"

 ಜಯಸಿಂಹ ಕಿಟಕಿಯ ಗಾಜು ಇಳಿಸಿದ. "ಲೈನೇ ತಪ್ಪು ಬದರಿನಾಥ್! ನನ್ನ ಲೆಕ್ಕ ತಪ್ಪಿತ್ತು. ನಾಳೆ ಅಳಿಸ್ತೀನಿ. ಮಗನಿಗೆ ಎತ್ತರದ ಕಾರು ತಗೋಳಕ್ಕೆ ಹೇಳಿ!" ಗಾಜು ಏರಿಸಿದ. ಹೊರಗಿನ ನಗು ಮಂದವಾಗಿ ಕೇಳಿತು.

ಅವನು ಎಂಜಿನ್ ಆರಿಸಿದ. ಕೀಲಿಕೈ ತೆಗೆದು ಜೇಬಿಗೆ ಹಾಕಿಕೊಂಡ.

"ಒಳಗೆ ತಗೊಳ್ಳಿ, ಇಳಿಯೋಣ," ಅವಳು ಅಂದಳು.

"ಮುಂದೆ ಹೋದ್ರೆ ಮೂತಿ ಒಡೆಯುತ್ತೆ. ಹಿಂದೆ ಹೋದ್ರೆ ಬದರಿನಾಥ ಇದಾನೆ. ಚಕ್ರದಡಿಗೆ ಹಲಗೆ ಇಡೋಣ ಅಂದ್ರೆ ಬಾಗಿಲು ತೆಗೆಯೋ ಹಾಗಿಲ್ಲ." ಸೀಟಿಗೆ ಒರಗಿದ, ಎರಡೂ ಕೈಗಳನ್ನು ಮಡಿಲಲ್ಲಿ ಬಿಚ್ಚಿ ಇಟ್ಟುಕೊಂಡ. "ಪ್ರಿಯಾಂಕಾ ಹೊರಗಿಂದ ಬಂದು ಹಲಗೆ ಇಡೋ ತನಕ ಟೈಮಿದೆ. ಹೇಳು. ನನ್ನ ಒಳ್ಳೇದಕ್ಕೆ ಅಂತ ನನಗೆ ಗೊತ್ತಿಲ್ಲದ ಹಾಗೆ ಇನ್ನೇನೇನು ಮಾಡ್ಸಿದೀಯ?"

ಎಡಕ್ಕೆ ಕಲ್ಲುಕಂಬ. ಬಲಕ್ಕೆ ಗಂಡ, ಅವನಾಚೆ ಇನ್ನೊಂದು ಕಂಬ. ಇಂದ್ರಾಣಿ ಮಡಿಲಿನ ರಬ್ಬರುಗಳನ್ನು ಒಂದರೊಳಗೊಂದು ಸೇರಿಸಿದಳು, ಬಿಡಿಸಿದಳು.

"ಬೈಯಬಾರದು."

"ಬೈದ್ರೆ ಎಲ್ಲಿಗೆ ಹೋಗ್ತೀಯ?"

"ಕಾಫಿ," ಅಂದಳು ಅವಳು, ಮುಂದಿನ ಗಾಜಿನಲ್ಲಿ ಕಾಣುತ್ತಿದ್ದ ತನ್ನ ಮನೆಯ ಬಾಗಿಲನ್ನೇ ನೋಡುತ್ತಾ. "ನಿಮಗೆ ಶುಗರ್ ಇದೆ ಅಂತ ಡಾಕ್ಟರು ಹೇಳಿದಾಗಿನಿಂದ ಅದಕ್ಕೆ ನಾನು ಹಾಕ್ತಿರೋದು ಸಕ್ಕರೆ ಅಲ್ಲ."